ತುಟಿ ಮುಚ್ಚುವ ಮಾತು

ಮೊನ್ನೆ ಸಂಜೆ ನನ್ನ ಮಗಳು ಕಿಟಕಿಯ ಕೆಳಗೆ ಕೂತು ಕಾಲುಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಕೈ ನಿಂತುಹೋಯಿತು. ಸಾಸಿವೆ ಸೀದು ಕಪ್ಪಾಯಿತು. ಮೂಗು ಚುರುಕೆನ್ನಿಸುವ, ಆದರೂ ಒಂದಿಷ್ಟು ಸಿಹಿಯಾದ, ಬಾಳೆಹಣ್ಣು ಅತಿಯಾಗಿ ಕಳಿತಂತಿರುವ ಆ ವಾಸನೆ ಬೇರೆಯವರಿಗೆ ಉಗುರುಬಣ್ಣದ್ದು. ನನಗೆ ಅದು ನಮ್ಮಪ್ಪನ ಅಂಗಿಯದು. ಸಿನಿಮಾ ರೀಲಿನ ತುಂಡಿನ ಎರಡು ತುದಿಗಳನ್ನು ಸೇರಿಸಿ ಅಂಟಿಸುವ ಗೋಂದಿಗೆ ಅದೇ ವಾಸನೆ ಇತ್ತು. ಹಾಗೆ ಬಳೆಯ ಹಾಗೆ ಅಂಟಿಸಿದ ತುಂಡನ್ನು ಲೂಪ್ ಅನ್ನುತ್ತಿದ್ದರು. ಅದು ಯಂತ್ರದಲ್ಲಿ ಸುತ್ತಿ ಸುತ್ತಿ ಬರುತ್ತಿತ್ತು. ಪರದೆಯ ಮೇಲೆ ಒಂದೇ ಮುಖ ಒಂದೇ ಮಾತನ್ನು ಆಡುತ್ತಲೇ ಇರುತ್ತಿತ್ತು. ಕೆಳಗೆ ಮೈಕಿನ ಮುಂದೆ ನಿಂತವರು ಅದಕ್ಕೆ ಇನ್ನೊಂದು ಭಾಷೆಯ ಮಾತನ್ನು ಸರಿಯಾಗಿ ಕೂರುವ ತನಕ ಹೇಳುತ್ತಲೇ ಇರಬೇಕಿತ್ತು. ಕೋಡಂಬಾಕ್ಕಂನ ಡಬ್ಬಿಂಗ್ ಥಿಯೇಟರುಗಳಲ್ಲಿ ಅಪ್ಪನ ಆಯುಷ್ಯದ ಬಹುಪಾಲು ಹಾಗೆ ಸುತ್ತಿ ಸುತ್ತಿ ಕಳೆಯಿತು. ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿದರೆ ಆ ಗೋಂದಿನ ವಾಸನೆ, ಏಸಿ ಕೋಣೆಯ ಜಮಖಾನೆಯ ಮುಗ್ಗಲು ವಾಸನೆ, ಅಪ್ಪನ ಬೆವರು, ಮೂರೂ ಸೇರಿ ಹಜಾರದಲ್ಲಿ ನಿಲ್ಲುತ್ತಿದ್ದವು. ಅಪ್ಪ ಮನೆಯಲ್ಲಿದ್ದಾರೆ ಅನ್ನುವುದು ನಮಗೆ ಮೂಗಿನಿಂದಲೇ ತಿಳಿಯುತ್ತಿತ್ತು.

ಅಪ್ಪ ಮೈಸೂರಿನ ಕಡೆಯವರು. ಕನ್ನಡ ಚಿತ್ರಗಳು ಇನ್ನೂ ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ, ಹಾಡು ಬರೆಯುತ್ತೇನೆ ಅಂತ ಮೀಸೆ ಚಿಗುರುವ ವಯಸ್ಸಿಗೆ ಬಂದವರು. ಹಾಡು ಬರೆಯುವ ಅವಕಾಶ ಸಿಗಲಿಲ್ಲ. ಕನ್ನಡದವರೆಲ್ಲ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋದರು, ಅಪ್ಪ ಉಳಿದುಬಿಟ್ಟರು. ಅಷ್ಟು ಹೊತ್ತಿಗೆ ತಿರುವಲ್ಲಿಕ್ಕೇಣಿಯಲ್ಲಿ ತಲೆಮಾರುಗಳಿಂದ ನೆಲೆಸಿದ್ದ ವೈಷ್ಣವರ ಮನೆಯ ಹುಡುಗಿ, ನಮ್ಮಮ್ಮ, ಅವರ ಕೈಹಿಡಿದಿದ್ದಳು. ಅವಳ ಕನ್ನಡದಲ್ಲಿ ಅರ್ಧ ತಮಿಳೇ ಇತ್ತು. ಅಪ್ಪನಿಗೆ ತೆಲುಗು, ತಮಿಳು, ಹಿಂದಿ ಎಲ್ಲ ನಾಲಿಗೆಯ ಮೇಲಿತ್ತು. ತೆಲುಗು ಮತ್ತು ಹಿಂದಿ ಚಿತ್ರಗಳನ್ನು ತಮಿಳಿಗೆ ಡಬ್ ಮಾಡುವಾಗ ಮಾತು ಬರೆದುಕೊಡುವ ಕೆಲಸಕ್ಕೆ ಕೂತರು. ತೊಂಬತ್ತರ ದಶಕದ ಕೊನೆಗೆ, ನಾನು ಬುದ್ಧಿ ಬಲಿತು ಸುತ್ತಮುತ್ತ ನೋಡುವ ಹೊತ್ತಿಗೆ, ಹಿಂದಿ ಧಾರಾವಾಹಿಗಳೂ ಸೇರಿಕೊಂಡು ಅಪ್ಪನಿಗೆ ಪುರುಸೊತ್ತೇ ಇರಲಿಲ್ಲ. ಅವರು ಬರೆದ ಮಾತನ್ನು ಊರೆಲ್ಲ ಕೇಳುತ್ತಿತ್ತು, ಮನೆಯಲ್ಲಿ ಮಾತ್ರ ಅವರು ಬಾಯಿ ಬಿಡುತ್ತಿರಲಿಲ್ಲ.

ನಮ್ಮ ಮನೆ ರೈಲು ಹಳಿಯ ಹತ್ತಿರದ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲಿತ್ತು. ಕೆಂಪು ಗಾರೆಯ ನೆಲ, ಕಬ್ಬಿಣದ ಜಾಲರಿ ಹಾಕಿದ ಬಾಲ್ಕನಿ, ಲೋಕಲ್ ಟ್ರೈನು ಹೋದಾಗೆಲ್ಲ ಗಿಲಗಿಲ ಅನ್ನುವ ಗೂಡಿನ ಲೋಟಗಳು. ಬಾಲ್ಕನಿಯಲ್ಲಿ ಅಪ್ಪನ ಬೆತ್ತದ ಕುರ್ಚಿ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯ ಪೆನ್ಸಿಲು ಸದಾ ಅವರ ಜೇಬಿನಲ್ಲಿ. ಟೀವಿಯ ದನಿ ಪೂರ್ತಿ ತೆಗೆದುಬಿಟ್ಟು ಮುಖಗಳನ್ನಷ್ಟೇ ನೋಡುತ್ತ ಕೂರುವುದು ಅವರ ಅಭ್ಯಾಸ. ಪರದೆಯ ಮೇಲಿನ ತುಟಿಗಳು ಎಲ್ಲಿ ಮುಚ್ಚಿಕೊಂಡವೋ ಅಲ್ಲಿ ಕುರ್ಚಿಯ ಕೈಗೆ ಪೆನ್ಸಿಲಿನಿಂದ ಟಕ್ ಅಂತ ಒಂದು ಏಟು. ಅವರ ಕಸುಬಿನ ಗುಟ್ಟೆಲ್ಲ ಅಷ್ಟೇ. "ಬಾಯಿ ತೆಗೆದಿರುವಾಗ ಏನು ಬೇಕಾದ್ರೂ ತುಂಬಬಹುದು ಕಣೇ ಸುಧಾ" ಅಂತ ಒಮ್ಮೆ ನನಗೆ ಹೇಳಿದ್ದರು. "ತುಟಿ ಮುಚ್ಚಿದ ಕಡೆ ಮೋಸ ಮಾಡಕ್ಕಾಗಲ್ಲ. ಪ ಇರಬೇಕು, ಬ ಇರಬೇಕು, ಇಲ್ಲ ಮ ಇರಬೇಕು. ಅಲ್ಲಿ ಮೊಳೆ ಹೊಡೆದುಕೊಂಡ್ರೆ ಮಿಕ್ಕಿದ್ದು ತಾನಾಗೇ ಕೂರತ್ತೆ." ಕೂರುವುದು, ಕೂರದಿರುವುದು, ಇವೆರಡೇ ಅವರ ತೀರ್ಪು. ಅಮ್ಮನ ಹೊಸ ರವಿಕೆ ನೋಡಿದರೂ "ಕೂತಿಲ್ಲ", ನನ್ನ ಭಾಷಣ ಸ್ಪರ್ಧೆಯ ತಯಾರಿ ಕೇಳಿದರೂ "ಕೂತಿಲ್ಲ". ಕೂತಿತು ಅಂದದ್ದನ್ನು ನಾವು ಕೇಳಿದ್ದು ಅಪರೂಪ.

ಇಂಥ ಮನುಷ್ಯನಿರುವ ಮನೆಯಲ್ಲಿ ಮಕ್ಕಳು ಹೇಗೆ ಬದುಕಬೇಕು ಹೇಳಿ. ಎದುರು ಬಾಲ್ಕನಿಯಲ್ಲಿ ಗಂಡ ಹೆಂಡತಿ ಜಗಳವಾಡುತ್ತಿದ್ದರೆ, ಒಂದು ಅಕ್ಷರವೂ ಕಿವಿಗೆ ಬೀಳದಿದ್ದರೂ ಅಪ್ಪನಿಗೆ ಪೂರ್ತಿ ಸಂಗತಿ ಗೊತ್ತಾಗುತ್ತಿತ್ತು. ಅಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಂದು, "ಏನಂತೆ ರೀ ಆ ಮಾಮಿ? ರೊಂಬ ಕೋಪದಲ್ಲಿದಾಳೆ?" ಅಂತ ಕೇಳುವಳು, ಅಪ್ಪ "ನಿನಗ್ಯಾಕೆ ಊರ ಉಸಾಬರಿ" ಅಂದುಕೊಂಡೇ ಎಲ್ಲ ಹೇಳಿಬಿಡುವರು. ಆದರೆ ನಾವು ಬೈಸಿಕೊಂಡು ಮೂಲೆಗೆ ಹೋಗಿ ಬಾಯೊಳಗೆ ಗೊಣಗಿದರೂ ಸಿಕ್ಕಿಬೀಳುತ್ತಿದ್ದೆವು. ಅದಕ್ಕೇ ಅಣ್ಣ ಮುಕುಂದ ಒಂದು ಆಟ ಕಂಡುಹಿಡಿದ. ತುಟಿ ಮುಚ್ಚದ ಮಾತುಗಳನ್ನೇ ಹುಡುಕಿ ಹುಡುಕಿ ಮಾತಾಡುವುದು. ಪ, ಬ, ಮ ಇಲ್ಲದಿದ್ದರೆ ಅಪ್ಪನಿಗೆ ಮೊಳೆ ಹೊಡೆಯಲು ಜಾಗವೇ ಸಿಗುವುದಿಲ್ಲವಲ್ಲ. ಸಿನಿಮಾ ಅನ್ನುವಂತಿಲ್ಲ, ಆಟ ಅನ್ನಬೇಕು. ಬಾ ಅನ್ನುವಂತಿಲ್ಲ, ನಡೆ ಅನ್ನಬೇಕು. ಅಮ್ಮ ಅಡುಗೆಯೋರು ಆದಳು. ಗೊತ್ತಾದ ದಿನ ಸೌಟು ಹಿಡಿದು ಅಟ್ಟಿಸಿಕೊಂಡು ಬಂದಿದ್ದಳು. ಅಪ್ಪ ದೊಡ್ಡೋರು. ಆ ಆಟದಲ್ಲೇ ನನಗೆ ಮೊದಲು ಹೊಳೆದದ್ದು, ಅಪ್ಪ, ಅಮ್ಮ, ಮನೆ, ಮಗ, ಮಾತು, ಮುತ್ತು, ಬೇಕಾದವೆಲ್ಲ ತುಟಿ ಮುಚ್ಚದೆ ಬರುವುದೇ ಇಲ್ಲ ಅಂತ. ಅಣ್ಣ ಅದರಲ್ಲಿ ಎಷ್ಟು ಪಳಗಿದನೆಂದರೆ ಅಪ್ಪನ ಎದುರಿಗೇ ನಿಂತು, ತುಟಿಗೆ ತುಟಿ ತಾಗಿಸದೆ ಅವರನ್ನು ಆಡಿಕೊಳ್ಳುತ್ತಿದ್ದ. ಅಪ್ಪ ಹುಬ್ಬು ಗಂಟಿಕ್ಕಿ ಅವನ ಬಾಯನ್ನೇ ನೋಡುತ್ತಿದ್ದರು. ನಾನು ನಗು ತಡೆಯಲಾರದೆ ಬಚ್ಚಲಿಗೆ ಓಡುತ್ತಿದ್ದೆ.

ಅಣ್ಣನಿಗೆ ಹದಿನಾರೋ ಹದಿನೇಳೋ ಇದ್ದಾಗ, ಬೇಸಿಗೆ ರಜೆಯಲ್ಲಿ ಒಂದು ದಿನ, ಅಪ್ಪ ಅವನನ್ನು ಥಿಯೇಟರಿಗೆ ಕರೆದುಕೊಂಡು ಹೋದರು. ತೆಲುಗು ಚಿತ್ರವೊಂದರಲ್ಲಿ ಒಬ್ಬ ಹುಡುಗನ ಪಾತ್ರಕ್ಕೆ ತಮಿಳು ದನಿ ಕೊಡಬೇಕಿದ್ದವನಿಗೆ ಗಂಟಲು ಕಟ್ಟಿತ್ತು. ಅಣ್ಣನ ದನಿ ಚೆನ್ನಾಗಿತ್ತು; ಅದು ಅಪ್ಪನಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಅಣ್ಣ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಬಾಯೊಳಗೇ ಮಾತು ಉರುಹೊಡೆಯುತ್ತ ಬಿರಬಿರನೆ ನಡೆದ. ಏಸಿ ನೋಡುವ ಆಸೆಗೆ ನಾನೂ ಬಾಲದಂತೆ ಹಿಂದೆ ಹೋದೆ. ನನ್ನನ್ನು ಗಾಜಿನ ಈಚೆ, ಯಂತ್ರಗಳಿದ್ದ ಕೋಣೆಯಲ್ಲಿ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಕೈಗೊಂದು ಬನ್ನು ಕೊಟ್ಟರು. ಅಣ್ಣ ಗಾಜಿನ ಆಚೆ ಕತ್ತಲಲ್ಲಿ, ಮೈಕಿನ ಮುಂದೆ ನಿಂತಿದ್ದ.

ಎಲ್ಲ ಮಾತುಗಳೂ ಸಲೀಸಾಗಿ ಕೂತವು. ಯಂತ್ರದವರು ತಲೆದೂಗಿದರು. ಕೊನೆಗೆ ಉಳಿದದ್ದು ಒಂದೇ. ಮನೆ ಬಿಟ್ಟು ಬಸ್ಸು ಹತ್ತಿದ ತಂದೆಯ ಹಿಂದೆ ಆ ಹುಡುಗ ಓಡುತ್ತಾನೆ, ಕೂಗುತ್ತಾನೆ. ಬರೀ ಒಂದು ಮಾತು, ಅಪ್ಪಾ. ಲೂಪ್ ಸುತ್ತತೊಡಗಿತು. ಹುಡುಗ ಓಡಿದ, ಅಣ್ಣ ಕೂಗಿದ. ಅಪ್ಪ ಮೈಕಿನ ಗುಂಡಿ ಒತ್ತಿ, "ಇನ್ನೊರು ತಡವೆ" ಅಂದರು, ಇನ್ನೊಂದು ಸಲ ಅಂತ. ಹುಡುಗ ಮತ್ತೆ ಓಡಿದ, ಅಣ್ಣ ಮತ್ತೆ ಕೂಗಿದ. ಇನ್ನೊರು ತಡವೆ. ಹೀಗೇ ಎಷ್ಟು ಹೊತ್ತು ನಡೆಯಿತೋ. ಅಣ್ಣ ಜೋರಾಗಿ ಕೂಗಿದ, ಮೆಲ್ಲಗೆ ಕೂಗಿದ, ಅಳುತ್ತ ಕೂಗಿದ. ಒಮ್ಮೆಯಂತೂ ನಾನು ತಿನ್ನುತ್ತಿದ್ದ ಬನ್ನನ್ನು ಕೆಳಗಿಟ್ಟುಬಿಟ್ಟೆ. ಅಪ್ಪ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. ಅವರ ಪೆನ್ಸಿಲು ಗಾಳಿಯಲ್ಲೇ ನಿಂತಿತ್ತು, ಏಟು ಬೀಳಲೇ ಇಲ್ಲ. ಕೊನೆಗೆ ಅಣ್ಣನ ದನಿ ಒಡೆಯಿತು. ಅಪ್ಪ ಸಿಡುಕಿ, ಈ ಸಲ ಕನ್ನಡದಲ್ಲೇ, ಎಲ್ಲರಿಗೂ ಕೇಳುವ ಹಾಗೆ ಮೈಕಿನಲ್ಲೇ ಅಂದುಬಿಟ್ಟರು:

"ಹುಟ್ಟಿದಾಗಿಂದ ಕರೀತಿದೀಯಲ್ಲೋ, ಒಂದು ಸಲ ನೆಟ್ಟಗೆ ಕರಿಯಕ್ಕಾಗಲ್ವಾ ನಿನಗೆ?"

ಆಮೇಲೆ ಯಂತ್ರದವರ ಕಡೆ ತಿರುಗಿ, "ಆ ಮಾತೇ ಬೇಡ, ತೆಗೆದುಬಿಡಿ. ಅಲ್ಲಿ ಬರೀ ಮ್ಯೂಸಿಕ್ ಇರಲಿ" ಅಂತ ತಮಿಳಿನಲ್ಲಿ ಹೇಳಿದರು. ಗುಂಡಿ ಇನ್ನೂ ಒತ್ತಿಯೇ ಇತ್ತು. ಗಾಜಿನ ಆಚೆ ಅಣ್ಣ ಅದನ್ನೂ ಕೇಳಿಸಿಕೊಂಡ. ಅವನು ಹೆಡ್‌ಫೋನು ತೆಗೆದು ಮೈಕಿನ ಕಂಬಕ್ಕೆ ನಿಧಾನವಾಗಿ ನೇತುಹಾಕಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ದಿನದಿಂದ ಅಣ್ಣ ಅಪ್ಪನನ್ನು ಅಪ್ಪ ಅಂತ ಕರೆಯಲಿಲ್ಲ. ಬೇಕಾದರೆ ಎದುರು ಹೋಗಿ ನಿಲ್ಲುವನು, ಇಲ್ಲದಿದ್ದರೆ ನನ್ನ ಹತ್ತಿರ "ದೊಡ್ಡೋರಿಗೆ ಹೇಳು" ಅನ್ನುವನು. ಆಟದ ಹೆಸರೇ ನಿಜವಾಗಿಬಿಟ್ಟಿತು. ಕನ್ನಡವನ್ನೂ ಹೆಚ್ಚುಕಡಿಮೆ ಬಿಟ್ಟ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ. ಅಮ್ಮ ಒಳಗೊಳಗೇ ಬೆಂದಳು. "ಏನ್ರೀ, ಪಾವಂ ಅಲ್ವಾ ಮಗು? ಒಂದು ಮಾತು ಕರೆದು ಹೇಳ್ರೀ" ಅಂತ ಎಷ್ಟೋ ಸಲ ಅಪ್ಪನ ಹಿಂದೆ ಬಿದ್ದಳು. "ಕೆಲಸದಲ್ಲಿ ಹೇಳಿದ್ದು. ಕೆಲಸ ಅಂದ್ಮೇಲೆ ಹಾಗೇ" ಅಂತ ಅಪ್ಪ ಪೇಪರಿನ ಹಿಂದೆ ಮುಖ ಮರೆಸಿದರು. ಇಬ್ಬರದೂ ಒಂದೇ ಹಟ, ಒಂದೇ ಮೂಗು. ನಡುವೆ ಮಾತು ಹೊತ್ತು ಓಡಾಡುವವರು ನಾನೂ ಅಮ್ಮನೂ.

ಕಾಲೇಜು ಸೇರಿದ ಮೇಲೆ ಅಣ್ಣ ಗಿಟಾರು ಹಿಡಿದ. ತಿರುವೊಟ್ಟಿಯೂರಿನ ಡೇನಿಯಲ್ ಅನ್ನುವ ಗೆಳೆಯ ಡ್ರಮ್ಸ್ ಬಾರಿಸುವವನು; ಇನ್ನಿಬ್ಬರು ಸೇರಿ ಒಂದು ಬ್ಯಾಂಡ್ ಆಯಿತು. ಅದರ ಹೆಸರು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು, ಜಗಳ ಮಾತ್ರ ಬದಲಾಗುತ್ತಿರಲಿಲ್ಲ. ಮನೆಯಲ್ಲಿ ಒಂದೇ ಒಂದು ಸಲ ಅವನು ತನ್ನ ಇಂಗ್ಲಿಷ್ ಹಾಡು ನುಡಿಸಿದ. ಅಪ್ಪ ಬಾಲ್ಕನಿಯಿಂದ ತಿರುಗಿ ಅವನ ಬಾಯನ್ನು ನೋಡುತ್ತ ಕೂತಿದ್ದು, ಮುಗಿದ ಮೇಲೆ, "ಮಾತು ಬಾಯಿಗೆ ಕೂತಿಲ್ಲ" ಅಂದರು. ಮಾರನೆಯ ವಾರ ಅಣ್ಣ ಡೇನಿಯಲ್‌ನ ಮನೆಯ ಮಹಡಿ ಕೋಣೆಗೆ ಬಿಡಾರ ಬದಲಿಸಿದ. ನಾನೂ ಅಮ್ಮನೂ ತಿಂಗಳಿಗೊಮ್ಮೆ ಬಸ್ಸು ಹತ್ತಿ, ಹುಳಿಯನ್ನ, ಚಕ್ಕುಲಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಫ್ಯಾಕ್ಟರಿಯ ಹೊಗೆಗೂ ಒಣಮೀನಿಗೂ ಅಮ್ಮ ಮೂಗಿಗೆ ಸೆರಗು ಹಿಡಿಯುತ್ತಿದ್ದಳು, ಕೋಣೆಯೊಳಗೆ ಕಾಲಿಟ್ಟ ತಕ್ಷಣ ಪೊರಕೆ ಹಿಡಿಯುತ್ತಿದ್ದಳು. ಹೊರಡುವಾಗ ಮೆಟ್ಟಿಲಲ್ಲಿ ನಿಂತು ಪ್ರತಿಸಲವೂ, "ಅಪ್ಪ ಕೇಳ್ತಿದ್ರು ಕಣೋ ನಿನ್ನ" ಅಂತ ಸುಳ್ಳು ಹೇಳುತ್ತಿದ್ದಳು. ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು.

ಅವನ ಹಾಡುಗಳನ್ನು ನಾನು ಅಲ್ಲೇ ಕೇಳಿದ್ದು, ಸಮುದ್ರದ ಗಾಳಿಗೆ ತುಕ್ಕು ಹಿಡಿದ ತಗಡಿನ ಕೆಳಗೆ. ಒಂದು ತಮಿಳು ಹಾಡು ಕಾಲೇಜು ಹುಡುಗರ ಬಾಯಲ್ಲೆಲ್ಲ ಇತ್ತು. ಅದರ ಪಲ್ಲವಿ ಬರೀ "ಇನ್ನೊರು ತಡವೆ, ಇನ್ನೊರು ತಡವೆ". ಅದನ್ನು ಒಮ್ಮೆ ಬೇಡುವ ಹಾಗೆ, ಒಮ್ಮೆ ಸಿಟ್ಟಿನಿಂದ, ಒಮ್ಮೆ ಗಂಟಲು ಒಡೆದು ಹಾಡುತ್ತಿದ್ದ. ಹುಡುಗರು ಅದನ್ನು ಪ್ರೇಮಗೀತೆ ಅಂದುಕೊಂಡು ಹುಡುಗಿಯರಿಗೆ ಹಾಡುತ್ತಿದ್ದರು. ನನಗೆ ಮಾತ್ರ ಮೈಕಿನ ಗುಂಡಿ ಒತ್ತಿದ ಅಪ್ಪನ ಬೆರಳು ಕಾಣಿಸುತ್ತಿತ್ತು. ಬೇರೆ ಹಾಡುಗಳಲ್ಲೂ ಎಲ್ಲೋ ಒಂದು ಕಡೆ ಗಾಜು ಬರುತ್ತಿತ್ತು, ಗಾಜಿನ ಆಚೆ ಯಾರೋ ನಿಂತಿರುತ್ತಿದ್ದರು. ವೇದಿಕೆಯ ಮೇಲೆ ಹಾಡುವಾಗ ಮೈಕನ್ನು ತುಟಿಗೆ ಒತ್ತಿ ಹಿಡಿಯುವನು, ಬಾಯಿ ಯಾರಿಗೂ ಕಾಣದ ಹಾಗೆ. ಇನ್ನೂ ಒಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಅವನ ಹಾಡುಗಳಲ್ಲಿ ತುಟಿ ಮುಚ್ಚುವ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಆಟವನ್ನು ಅವನು ಬಿಟ್ಟಿರಲಿಲ್ಲ. "ಬೇಕಂತಲೇ ಮಾಡ್ತೀಯಾ?" ಅಂತ ಕೇಳಿದೆ. ಗಿಟಾರಿನ ತಂತಿ ಬಿಗಿಯುತ್ತಿದ್ದವನು ತಲೆಯೆತ್ತದೆ, ಎಷ್ಟೋ ದಿನಗಳ ಮೇಲೆ ಕನ್ನಡದಲ್ಲಿ ಅಂದ: "ತುಟಿ ಮುಚ್ಚಿದ್ರೆ ಹಿಡಿದುಬಿಡ್ತಾರೆ ಕಣೇ." ತನ್ನ ಹಾಡು ಕೇಳಲು ಅಪ್ಪ ಯಾವತ್ತೂ ಬರಲಾರರು ಅಂತ ಗೊತ್ತಿದ್ದೂ ಅವರಿಂದ ಬಚ್ಚಿಟ್ಟುಕೊಂಡೇ ಬರೆಯುತ್ತಿದ್ದ.

ಇದಾದ ಒಂದೆರಡು ವರ್ಷಕ್ಕೆ ಆ ತೆಲುಗು ಚಿತ್ರ, ತಮಿಳಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬಂತು. ಅಪ್ಪ ಎಂದಿನಂತೆ ದನಿ ಪೂರ್ತಿ ಇಳಿಸಿ ನೋಡುತ್ತಿದ್ದರು. ಬಸ್ಸಿನ ದೃಶ್ಯ ಬಂದಾಗ ನಾನು ಹತ್ತಿರ ಸರಿದು ಕೂತೆ. ಹುಡುಗ ಓಡಿದ, ಬಾಯಿ ತೆರೆದ. "ನೋಡೇ" ಅಂದರು ಅಪ್ಪ, ನಾನು ಕೇಳದೆಯೇ. "ತೆಲುಗಿನಲ್ಲಿ ಅವನು ನಾನ್ನಾ ಅಂತಿದಾನೆ. ತುಟಿ ಮುಚ್ಚೋದೇ ಇಲ್ಲ. ನಾಲಿಗೆಯಲ್ಲೇ ಎಲ್ಲ. ಅದರ ಮೇಲೆ ಅಪ್ಪಾ ಹೇಗೆ ಕೂರತ್ತೆ? ಮುಕುಂದ ಎಷ್ಟು ಚೆನ್ನಾಗಿ ಕರೆದ ಅವತ್ತು. ಜೀವ ಬಿಟ್ಟು ಕರೆದ. ಆ ಹುಡುಗನ ಬಾಯಿಗೇ ಯೋಗ್ಯತೆ ಇರಲಿಲ್ಲ. ಮಿಕ್ಕವರಾದ್ರೆ ನಡೀತದೆ ಅಂತ ಬಿಟ್ಟುಬಿಡೋರು. ನನ್ನ ಕೈಲಿ ಆಗಲಿಲ್ಲ." "ಇದನ್ನ ಅವನಿಗೆ ಹೇಳಿದೀರಾ ಅಪ್ಪಾ?" ಅಂದೆ. "ಹೇಳೋದೇನು? ಪರದೆ ನೋಡ್ಕೊಂಡೇ ನಿಂತಿದ್ನಲ್ಲ, ಅವನಿಗೆ ಗೊತ್ತಿರಲ್ವಾ" ಅಂತ ಅವರು ಮತ್ತೆ ಟೀವಿಯತ್ತ ತಿರುಗಿದರು. ಅಷ್ಟು ವರ್ಷ ನಮ್ಮ ಮನೆಯನ್ನು ಎರಡು ಹೋಳು ಮಾಡಿದ್ದು ಇದು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮಾರನೆಯ ದಿನವೇ ತಿರುವೊಟ್ಟಿಯೂರಿಗೆ ಹೋಗಿ ಅಣ್ಣನಿಗೆ ಒಂದಕ್ಷರ ಬಿಡದೆ ಒಪ್ಪಿಸಿದೆ. ಅವನು ಕಿಟಕಿಯ ಕಡೆ ತಿರುಗಿ, "ಅದೆ ಅವರೇ ಸೊಲ್ಲಟ್ಟುಂ" ಅಂದ. ಅದನ್ನು ಅವರೇ ಹೇಳಲಿ, ಅಂತ.

ಅಪ್ಪ ಹೇಳಲಿಲ್ಲ. ಹೇಳುವ ಮೊದಲೇ ಅವರ ಕಿವಿ ಹೋಗತೊಡಗಿತು. ಜೀವಮಾನವೆಲ್ಲ ಕಿವಿಗೆ ಹೆಡ್‌ಫೋನು ಒತ್ತಿಕೊಂಡಿದ್ದಕ್ಕೆ ಹೀಗಾಗಿದೆ ಅಂತ ಡಾಕ್ಟರು ಅಂದರು. ಅಷ್ಟರಲ್ಲಿ ಲೂಪುಗಳ ಕಾಲವೂ ಮುಗಿದಿತ್ತು. ಥಿಯೇಟರುಗಳಿಗೆ ಕಂಪ್ಯೂಟರು ಬಂದು, ಮಾತನ್ನು ಎಳೆದು ಹಿಗ್ಗಿಸಿ ತುಟಿಗೆ ಕೂರಿಸುತ್ತಿದ್ದರು. ಅಪ್ಪನಿಗೆ ಕೆಲಸಕ್ಕೆ ಕರೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಮೊದಮೊದಲು ನಮಗೆ ಕಿವುಡು ಗೊತ್ತಾಗಲೇ ಇಲ್ಲ. ಎದುರು ನಿಂತು ಮಾತಾಡಿದರೆ ಸರಿಯಾಗಿಯೇ ಉತ್ತರ ಕೊಡುತ್ತಿದ್ದರು. ಬೆನ್ನ ಹಿಂದೆ ನಿಂತು ಕರೆದಾಗ ತಿರುಗದೆ ಇದ್ದಾಗಲೇ ತಿಳಿದದ್ದು. ಅಪ್ಪಾ ಅಂತ ನಾನು ಕರೆಯುತ್ತಲೇ ಇದ್ದೆ, ಅವರು ಹೂಕುಂಡಕ್ಕೆ ನೀರು ಹಾಕುತ್ತಲೇ ಇದ್ದರು. ಇನ್ನು ಅಣ್ಣ ಒಂದು ವೇಳೆ ಮನಸ್ಸು ಮಾಡಿ ಕರೆದರೂ ಇವರಿಗೆ ಕೇಳುವುದಿಲ್ಲವಲ್ಲ ಅನ್ನುವುದು ನನ್ನನ್ನು ಹಿಂಡತೊಡಗಿತು. ಅಪ್ಪನ ಕಿವಿಯ ಸಂಗತಿಯನ್ನು ಅಣ್ಣನಿಗೂ ಹೇಳಿದೆ.

ಅಡ್ಯಾರಿನ ಒಂದು ಮೈದಾನದಲ್ಲಿ ಅಣ್ಣನ ಬ್ಯಾಂಡಿನ ದೊಡ್ಡ ಕಾರ್ಯಕ್ರಮ ನಿಕ್ಕಿಯಾದಾಗ ಪಾಸುಗಳನ್ನು ತಂದುಕೊಟ್ಟವನು ಡೇನಿಯಲ್. "ಅವನು ಕೊಟ್ಟು ಕಳಿಸಿಲ್ಲ ಆಂಟಿ, ನಾನೇ ತಂದೆ" ಅಂತ ತಮಿಳಿನಲ್ಲಿ ಪ್ರಾಮಾಣಿಕವಾಗಿ ಹೇಳಿದ. "ಆದ್ರೆ ಅಂಕಲ್ ಬರಲೇಬೇಕು. ಕೊನೇಲಿ ಒಂದು ಹೊಸ ಹಾಡಿದೆ, ಕನ್ನಡದ್ದು. ನಮಗ್ಯಾರಿಗೂ ಅರ್ಥ ಆಗಲ್ಲ." ಅಪ್ಪ ಅವನ ತುಟಿಗಳನ್ನು ನೋಡುತ್ತಿದ್ದರು. ಅವನು ಹೋದ ಮೇಲೆ, "ನನಗೇನು ಕೇಳತ್ತೆ ಅಂತ ಬರ್ಲಿ ನಾನು?" ಅಂದರು. ಅಮ್ಮ ಅವರ ಎದುರಿಗೇ ಬಂದು ನಿಂತಳು. ಅಷ್ಟು ಖಾರವಾಗಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಕೇಳದಿದ್ರೆ ನೋಡಿ. ಇಷ್ಟು ವರ್ಷ ಊರವರ ಮುಖವೆಲ್ಲ ನೋಡಿದ್ರಲ್ಲ, ನಮ್ಮ ಪುಳ್ಳೆ, ನಿಮ್ಮ ಮಗನ ಮುಖ ಒಂದು ದಿನ ನೋಡಿ!" ಅಪ್ಪ ಎದ್ದು ಹೋಗಿ ಬೀರುವಿನಿಂದ ಬಿಳಿ ಅಂಗಿ ತೆಗೆದರು. ಪೆನ್ಸಿಲನ್ನು ಹಳೆಯ ಅಂಗಿಯಿಂದ ಇದರ ಜೇಬಿಗೆ ಸಿಕ್ಕಿಸಿಕೊಂಡರು.

ಮರಗಳ ನಡುವಿನ ಮೈದಾನ, ಸಂಜೆಯ ಸೆಕೆ, ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಹಿಂದೆ ಕಾಲೇಜು ಹುಡುಗರ ದಂಡು. ಡ್ರಮ್ಸಿನ ಏಟಿಗೆ ಅಮ್ಮ ಕಿವಿ ಮುಚ್ಚಿಕೊಂಡು "ಪೆರುಮಾಳೇ" ಅನ್ನುತ್ತಿದ್ದಳು. ಅಪ್ಪ ಮಾತ್ರ ದೇವಸ್ಥಾನದಲ್ಲಿ ಕೂತವರಂತೆ ತಣ್ಣಗೆ ಕೂತಿದ್ದರು. ಆ ಗದ್ದಲ ಅವರನ್ನು ಮುಟ್ಟುತ್ತಲೇ ಇರಲಿಲ್ಲ. ಅಣ್ಣ ಎಂದಿನಂತೆ ಮೈಕಿನ ಹಿಂದೆ ಬಾಯಿ ಮುಚ್ಚಿಟ್ಟುಕೊಂಡು ಹಾಡಿದ. ನೋಡಲು ಏನೂ ಇರಲಿಲ್ಲ, ಕೇಳಲು ಅವರಿಗೆ ಆಗುತ್ತಿರಲಿಲ್ಲ. ಅವರು ಒಮ್ಮೆ ಕೈಗಡಿಯಾರ ನೋಡಿಕೊಂಡರು. ಕೊನೆಯ ಹಾಡಿನ ಹೊತ್ತಿಗೆ ಅಣ್ಣ ನಮ್ಮ ಸಾಲಿನ ಕಡೆ ನೋಡಿದ. ಕಂಡನೋ ಇಲ್ಲವೋ, ಆ ಬೆಳಕಿನಲ್ಲಿ ಹೇಳುವುದು ಕಷ್ಟ. ಮೈಕನ್ನು ಕಂಬಕ್ಕೆ ಸಿಕ್ಕಿಸಿ, ಒಂದು ಹೆಜ್ಜೆ ಹಿಂದೆ ನಿಂತ. ಮೊದಲ ಸಲ ಅವನ ಮುಖ ಪೂರ್ತಿ ಕಂಡಿತು. ಡೇನಿಯಲ್ ಕೋಲುಗಳನ್ನು ಕೆಳಗಿಟ್ಟ. ಬರೀ ಗಿಟಾರು.

"ಗಾಜಿನಾಚೆ ನಿಂತ ನಿನಗೆ
ನನ್ನ ದನಿಯ ಗುರುತು ಸಿಗದೆ
ಎಷ್ಟು ಸಲ ಕರೆದೆ ನಾನು
ಎಷ್ಟು ಸಲ ಅಳಿಸಿದೆ ನೀನು"

ಅಪ್ಪ ಮುಂದಕ್ಕೆ ಬಾಗಿದರು. ಪೆನ್ಸಿಲು ಕೈಗೆ ಬಂದದ್ದು ಅವರಿಗೇ ತಿಳಿದಿರಲಿಕ್ಕಿಲ್ಲ. ಅದು ಕುರ್ಚಿಯ ಕೈಯ ಮೇಲೆ, ಗಾಳಿಯಲ್ಲಿ ನಿಂತಿತು. ನಾನು ವೇದಿಕೆಯನ್ನು ಬಿಟ್ಟು ಅದನ್ನೇ ನೋಡತೊಡಗಿದೆ. ಸಾಲಿನ ಮೇಲೆ ಸಾಲು ಬಂತು, ಏಟು ಬೀಳಲಿಲ್ಲ. ಬೀಳಲು ಎಡೆಯೇ ಇರಲಿಲ್ಲ. ಇಡೀ ಹಾಡಿನಲ್ಲಿ ಒಂದು ಪ ಇಲ್ಲ, ಬ ಇಲ್ಲ, ಮ ಇಲ್ಲ. ಅಪ್ಪನ ಹುಬ್ಬು ಹಿಂದೆ ನಮ್ಮ ಆಟದ ದಿನಗಳಲ್ಲಿ ಗಂಟಿಕ್ಕುತ್ತಿದ್ದ ಹಾಗೇ ಗಂಟಿಕ್ಕಿತ್ತು. "ಈಗ ಕೇಳು, ಇದೊಂದೇ ಸಲ" ಅನ್ನುವಲ್ಲಿಗೆ ಅಣ್ಣನ ದನಿ ನಿಂತಿತು. ಗಿಟಾರು ಮಾತ್ರ ಮುಂದುವರಿಯಿತು. ಜನ ಹಾಡು ಮುಗಿಯಿತೆಂದು ಚಪ್ಪಾಳೆ ಶುರುಮಾಡಿದರು. ಅಣ್ಣ ಮುಗಿಸಿರಲಿಲ್ಲ. ಮೈಕಿನಿಂದ ದೂರ ಸರಿದು, ಬೆಳಕಿಗೆ ಮುಖವೊಡ್ಡಿ, ದನಿಯೇ ಇಲ್ಲದೆ, ಬರೀ ಬಾಯಲ್ಲಿ ಒಂದು ಮಾತು ಆಡಿದ. ಅವನ ತುಟಿಗಳು ಒಂದಕ್ಕೊಂದು ಸೇರಿದವು, ಸೇರಿಕೊಂಡೇ ಒಂದು ಕ್ಷಣ ನಿಂತವು, ತೆರೆದವು.

ಟಕ್.

ಅಷ್ಟು ಜನರಲ್ಲಿ ಆ ಮಾತನ್ನು ಕೇಳಿದವರು ಒಬ್ಬರೇ. ನಾನು ತಿರುಗಿ ನೋಡಿದಾಗ ಪೆನ್ಸಿಲು ಕುರ್ಚಿಯ ಕೈಗೆ ಒತ್ತಿಕೊಂಡೇ ಇತ್ತು. ಅಪ್ಪನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಅವರಿಗೆ ತೋಚಿರಲಿಲ್ಲ.

ಆಟೋದಲ್ಲಿ ಬರುವಾಗ ಅಮ್ಮ ಅವರ ಮುಖವನ್ನು ತನ್ನ ಕಡೆ ತಿರುಗಿಸಿ, "ಏನು ಹಾಡಿದ? ಆ ಡಬ್ಬದ ಸದ್ದಿಗೆ ನನ್ನ ಕಿವಿ ಇನ್ನೂ ಗುಂಯ್ ಅಂತಿತ್ತು, ಒಂದೂ ಪುರಿಯಲಿಲ್ಲ" ಅಂದಳು. ಅಪ್ಪ "ಕೊನೇ ಮಾತು ಕೂತಿತು" ಅಂದರು. "ಕೊನೇಲಿ ಮಾತೆಲ್ಲಿತ್ತು ರೀ? ಬರೀ ಗಿಟಾರು ತಾನೇ?" ಅಂದಳು ಅಮ್ಮ. ಅಪ್ಪ ರಸ್ತೆಯ ಕಡೆ ಮುಖ ತಿರುಗಿಸಿದರು. ಆಚೆ ನೋಡುತ್ತಲೇ, ಯಾರಿಗೂ ಅಲ್ಲದ ಹಾಗೆ, "ಅವತ್ತೂ ಚೆನ್ನಾಗೇ ಕರೆದಿದ್ದ" ಅಂದರು. ಮನೆ ಸೇರಿದ ತಕ್ಷಣ ನಾನು ಅಣ್ಣನಿಗೆ ಫೋನು ಮಾಡಿ ಎರಡೂ ಮಾತನ್ನು ಹೇಳಿದೆ. ಅವನು ಕನ್ನಡದಲ್ಲಿ, "ಭಾನುವಾರ ಬರ್ತೀನಿ ಅಂತ ಅಪ್ಪನಿಗೆ ಹೇಳು" ಅಂದ. ದೊಡ್ಡೋರಿಗೆ ಅನ್ನಲಿಲ್ಲ.

ಭಾನುವಾರ ಬಂದ. ಅಮ್ಮ ಬಿಸಿಬೇಳೆಬಾತು ಮಾಡಿದ್ದಳು. ಅಪ್ಪ ತಟ್ಟೆಯನ್ನೇ ನೋಡಿಕೊಂಡು ತಿಂದರು. ದೊಡ್ಡ ಮಾತೇನೂ ನಡೆಯಲಿಲ್ಲ. ಆದರೆ ಆಮೇಲಿನ ದಿನಗಳಲ್ಲಿ, ಅಪ್ಪನಿಗೆ ಏನೇನೂ ಕೇಳಿಸದೆ ಹೋದ ಮೇಲೆ, ಇಬ್ಬರೂ ಬಾಲ್ಕನಿಯಲ್ಲಿ ಎದುರುಬದುರು ಕೂತು ಮಾತಾಡತೊಡಗಿದರು. ಅಣ್ಣ ದನಿ ತೆಗೆಯುತ್ತಲೇ ಇರಲಿಲ್ಲ, ಬರೀ ತುಟಿ. ಅಪ್ಪನೂ ಹಾಗೇ ಉತ್ತರ ಕೊಡುವರು. ಕೆಳಗೆ ಟ್ರೈನು ಹೋಗುತ್ತಿದ್ದರೂ ಅವರ ಮಾತು ಕಡಿಯುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಇದೇನು ಅಪ್ಪ ಮಗ ಊಮೆಯಾಟ, ಮೂಗರ ಹಾಗೆ" ಅಂತ ನಗುವಳು, ನಗುತ್ತಲೇ ಕಣ್ಣೊರೆಸಿಕೊಳ್ಳುವಳು. ಎದುರು ಕೂತರೆ ನನಗೂ ಅರ್ಧ ತಿಳಿಯುತ್ತಿತ್ತೋ ಏನೋ. ನಾನು ಕೂರುತ್ತಿರಲಿಲ್ಲ, ಒಳಗೆ ಹೋಗಿಬಿಡುತ್ತಿದ್ದೆ. ಅಷ್ಟು ವರ್ಷಗಳ ಮಾತು ಅವರಿಬ್ಬರದೇ ಆಗಿರಲಿ ಅನ್ನಿಸುತ್ತಿತ್ತು.

ಆ ಬಾಲ್ಕನಿ ಈಗಿಲ್ಲ. ಅಪ್ಪ ಹೋದ ಮೇಲೆ ಮನೆಯ ಮಾಲೀಕರು ಅದನ್ನು ಕೆಡವಿ ಫ್ಲ್ಯಾಟು ಕಟ್ಟಿಸಿದರು. ಅಪ್ಪನ ಥಿಯೇಟರು ಇದ್ದ ಜಾಗದಲ್ಲಿ ಮದುವೆ ಮಂಟಪ ಬಂದಿದೆ. ಅಮ್ಮನೂ ಹೆಚ್ಚು ದಿನ ಉಳಿಯಲಿಲ್ಲ. ಗೋಂದಿನ ವಾಸನೆಯ ಅಂಗಿಯೊಂದನ್ನು ನಾನು ಬೀರುವಿನಲ್ಲಿ ಇಟ್ಟುಕೊಂಡಿದ್ದೆ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೂ ಬರೀ ಅಂಗಿಯಾಯಿತು. ಪೆನ್ಸಿಲು ಅಣ್ಣನ ಗಿಟಾರಿನ ಪೆಟ್ಟಿಗೆಯಲ್ಲಿದೆ. ಆ ಹಾಡನ್ನು ಅವನು ಸಿಡಿಗೆ ಹಾಡಿದಾಗ, ಕೊನೆಯ ಮಾತನ್ನು ದನಿ ತೆಗೆದು ಹಾಡಿದರೇನು ಅಂತ ರೆಕಾರ್ಡಿಂಗಿನವರು ಕೇಳಿದರಂತೆ. ಅವನು ಒಪ್ಪಲಿಲ್ಲ. ಮೈಕಿನ ಮುಂದೆ ನಿಂತು ಬರೀ ತುಟಿಯಲ್ಲಿ ಅಂದು ಬಂದ. ಆ ಸಿಡಿಯಲ್ಲಿ ಹಾಡಿನ ಕೊನೆಗೆ ಗಿಟಾರೂ ನಿಂತು ಒಂದಿಷ್ಟು ನಿಶ್ಶಬ್ದವಿದೆ.

ಮೊನ್ನೆ ಸೀದ ಒಗ್ಗರಣೆಯನ್ನು ಚೆಲ್ಲಿ, ಒಲೆ ಆರಿಸಿ, ಆ ಸಿಡಿ ಹಾಕಿದೆ. ಮಗಳು ಒದ್ದೆ ಉಗುರುಗಳನ್ನು ಗಾಳಿಗೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. ಅವಳು ತಾತನನ್ನು ನೋಡಿದವಳಲ್ಲ; ಕನ್ನಡ ತಿಳಿಯುತ್ತದೆ, ಉತ್ತರವೆಲ್ಲ ತಮಿಳಿನಲ್ಲೇ. ಮಾವನ ದನಿ ನಿಂತಿತು, ಗಿಟಾರು ನಿಂತಿತು. "ಮುಡಿಂಜಿರುಚ್ಚಾ ಅಮ್ಮಾ?" ಅಂದಳು, ಮುಗೀತಾ ಅಂತ, ಏಳಲು ಹೊರಟಳು.

ನಾನು ಅವಳ ಕೈ ಹಿಡಿದೆ. "ಇರು," ಅಂದೆ. "ಇನ್ನೂ ಒಂದು ಮಾತಿದೆ."